ಕೊಬ್ಬರಿ ಮಂಡಿಯ ಹೊಂಬಾಳಮ್ಮನ ಬಿ.ಕಾಂ.

ತಿಪಟೂರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಾಲಿನ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಗುತ್ತದೆ. ಮರುಳಸಿದ್ದಯ್ಯನವರ ಕೊಬ್ಬರಿ ಮಂಡಿಯಲ್ಲಿ, ತೂಗುಬಿಟ್ಟ ಒಂದೇ ಬಲ್ಬಿನ ಕೆಳಗೆ, ಹೊಂಬಾಳಮ್ಮ ಒಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನಿಂದ ಗಡಗಡ ಸದ್ದು. ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಕೂತು ತನ್ನ ನೀರನ್ನೆಲ್ಲ ತಾನೇ ಕುಡಿದು ಮುಗಿಸಿದ ಕಾಯಿ ಅದು. ಒಳಗೆ ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಟ್ಟು ಉಂಡೆಯಾಗಿ ಉರುಳಾಡುತ್ತಿದೆ. ಮಚ್ಚಿನ ಬೆನ್ನಿನಿಂದ ಸುತ್ತಲೂ ಮೆಲ್ಲಗೆ ನಾಲ್ಕು ಪೆಟ್ಟು. ಚಿಪ್ಪು ಬಾಯಿ ಬಿಡುತ್ತದೆ, ಮೈಮೇಲೆ ಒಂದು ಗೀರೂ ಇಲ್ಲದ ಕೊಬ್ಬರಿ ಅಂಗೈಗೆ ಇಳಿಯುತ್ತದೆ. ನಮ್ಮಜ್ಜಿಯ ಕತೆಗಳಲ್ಲಿ ನಿಂಬೆಹಣ್ಣಿನೊಳಗಿಂದ ರಾಜಕುಮಾರಿ ಹೊರಗೆ ಬರುತ್ತಿದ್ದದ್ದು ಹೀಗೇ ಇರಬೇಕು.

"ಏನವ್ವ, ಬಾಯಿ ಬಿಟ್ಕಂಡು ನಿಂತ್ಬುಟ್ಟೆ? ಕುಂತ್ಕ. ಚಿಪ್ಪು ಚುಚ್ಚೀತು, ಆ ಚೀಲ ಹಾಸ್ಕ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾ ಅವರು ಇನ್ನೊಂದು ಕಾಯಿಗೆ ಕೈ ಹಾಕುತ್ತಾರೆ.

ಇವತ್ತು ಅವರ ಕೈ ಎಂದಿಗಿಂತ ಜೋರಾಗಿ ಓಡುತ್ತಿದೆ ಎಂದು ಪಕ್ಕದಲ್ಲಿ ಕೂತು ಚಿಪ್ಪು ಬಿಡಿಸುತ್ತಿರುವ ಹಬೀಬುನ್ನೀಸಾ ನನ್ನ ಕಿವಿಯಲ್ಲಿ ಹೇಳುತ್ತಾರೆ. ಕಾರಣವಿದೆ. ಹನ್ನೊಂದು ಗಂಟೆಗೆ, ಮಂಡಿಯ ಹಿಂದಿನ ಗೋಡೆಯ ಆಚೆಗಿರುವ ಕಾಲೇಜಿನಲ್ಲಿ ಬಿ.ಕಾಂ. ಫಲಿತಾಂಶದ ಹಾಳೆ ಹಚ್ಚುತ್ತಾರೆ. ಮೂವತ್ತೆರಡು ವರ್ಷದ ಹೊಂಬಾಳಮ್ಮ, ದಿನಕ್ಕೆ ಏಳೆಂಟು ನೂರು ಕಾಯಿಯ ಚಿಪ್ಪು ಬಿಡಿಸುವ ಕೂಲಿ ಹೆಂಗಸು, ಅಲ್ಲಿನ ವಿದ್ಯಾರ್ಥಿನಿ. ಎಲ್ಲ ಪತ್ರಿಕೆಗಳೂ ಪಾಸಾಗಿವೆ, ಒಂದನ್ನು ಬಿಟ್ಟು. ಆ ಒಂದರಲ್ಲಿ ಈ ಸಲವೂ ಹೋದರೆ ಉಳಿದೆಲ್ಲವೂ ಹೋಯಿತು. ಮೂರು ವರ್ಷದ ಪದವಿಯನ್ನು ಸೇರಿದ ಆರು ವರ್ಷದೊಳಗೆ ಮುಗಿಸಬೇಕು ಎಂಬುದು ವಿಶ್ವವಿದ್ಯಾನಿಲಯದ ನಿಯಮ. ಅವರು ಸೇರಿದ್ದು ಎಪ್ಪತ್ತೆಂಟರಲ್ಲಿ. ಇದು ಎಂಬತ್ತನಾಲ್ಕರ ಜೂನ್.

ತುರುವೇಕೆರೆ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಇವರು ಮದುವೆಗೆ ಮೊದಲೇ ಪಿ.ಯು.ಸಿ. ಮುಗಿಸಿದ್ದರು. ಗಂಡ ಕೆಂಚಯ್ಯ ಇದೇ ಮಂಡಿಯಲ್ಲಿ ಕಾಯಿ ಸುಲಿಯುತ್ತಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಕ್ಕಿ ತಿರುಚಿದರೆ ಮೇಲಿನ ನಾರಿನ ಮಟ್ಟೆ ಎದ್ದು ಬರುತ್ತದೆ. ಗಂಡ ಸುಲಿದದ್ದನ್ನು ಹೆಂಡತಿ ಒಡೆಯುವುದು. ಹೀಗೇ ನಡೆದುಹೋಗುತ್ತಿತ್ತೇನೋ, ಆ ಗೋಡೆ ಅಷ್ಟು ಗಿಡ್ಡಗೆ ಇಲ್ಲದಿದ್ದರೆ.

"ನಾನು ಇಲ್ಲಿ ಕುಂತು ಹೊಡೀತಿದ್ದೆ, ಆ ಕಡೆಯಿಂದ ಮೇಷ್ಟ್ರು ಕೂಗೋದು ಕೇಳ್ತಿತ್ತು. ಬಂದದ್ದು ಈ ಕಡೆ, ಹೋದದ್ದು ಆ ಕಡೆ, ಕೊನೆಗೆ ಎರಡೂ ಸಮ ಬರ್ಬೇಕು ಅಂತ. ದಿನಾ ಅದೇ ಕಣವ್ವ. ಯಾಕ್ ಸಮ ಬರ್ಬೇಕು? ಬರ್ದೆ ಇದ್ರೆ ಏನಾಯ್ತದೆ? ರಾತ್ರಿ ಮುದ್ದೆ ತೊಳಸ್ತಾ ಅದೇ ಯೋಚ್ನೆ."

ಒಂದು ಮಧ್ಯಾಹ್ನ ಕಾಲೇಜಿನ ಗೇಟಿನಲ್ಲಿ ಕಾದು ನಿಂತು ಆ ಮೇಷ್ಟ್ರನ್ನು ಕೇಳಿಯೇಬಿಟ್ಟರು. ವಾಣಿಜ್ಯ ವಿಭಾಗದ ಶಂಭುಲಿಂಗಯ್ಯನವರು ಸೈಕಲ್ಲಿನಿಂದ ಇಳಿದು, ತಲೆಯ ತುಂಬ ನಾರು ಮೆತ್ತಿಕೊಂಡಿದ್ದ ಹೆಂಗಸನ್ನು ನೋಡಿ, "ಪಿ.ಯು.ಸಿ. ಆಗಿದೆಯಾ? ಹಾಗಾದರೆ ಬಂದು ಕೂತು ಕೇಳಮ್ಮ, ರಸ್ತೆಯಲ್ಲಿ ಹೇಳುವಂಥದ್ದಲ್ಲ," ಎಂದರಂತೆ. ಆಮೇಲೆ ಪದವಿಗೆ ಏನೇನು ಬೇಕೆಂಬುದನ್ನು ರಸ್ತೆಯಲ್ಲೇ ನಿಂತು ಪೂರ್ತಿ ಹೇಳಿದರಂತೆ.

ಮೇಷ್ಟ್ರು ಹೇಳಿದ್ದನ್ನು ಹೊಂಬಾಳಮ್ಮನ ಬಾಯಲ್ಲಿ ಕೇಳುವಾಗ ನನಗೆ ಕತೆಯ ರಾಜನ ಡಂಗುರ ನೆನಪಾಗುತ್ತದೆ. ರಾಜಕುಮಾರಿಯನ್ನು ಗೆಲ್ಲಬೇಕಾದರೆ ಇಂತಿಂಥ ಷರತ್ತು! ಮೂರು ವರ್ಷ ಓದಬೇಕು. ಭಾಷೆಗಳೆರಡು, ಅದರಲ್ಲಿ ಇಂಗ್ಲಿಷ್ ತಪ್ಪಿಸುವಂತಿಲ್ಲ. ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ವಾಣಿಜ್ಯ ಕಾನೂನು, ಸಂಖ್ಯಾಶಾಸ್ತ್ರ, ಆದಾಯ ತೆರಿಗೆ, ಆಡಿಟಿಂಗು, ಕೊನೆಯಲ್ಲಿ ಕಾಸ್ಟಿಂಗು. ಪ್ರತಿಯೊಂದರಲ್ಲೂ ಮೂವತ್ತೈದು ಬಂದರಷ್ಟೇ ದಾಟಿದ ಹಾಗೆ. ನೂರು ತರಗತಿ ನಡೆದರೆ ಎಪ್ಪತ್ತೈದರಲ್ಲಿ ಮುಖ ತೋರಿಸಿರಬೇಕು, ಇಲ್ಲವಾದರೆ ಪರೀಕ್ಷೆಯ ಬಾಗಿಲೇ ತೆರೆಯುವುದಿಲ್ಲ. ಏಳು ಸಮುದ್ರ ದಾಟುವವನಿಗೂ ರಾಜ ಇಷ್ಟು ಹೇಳುತ್ತಿರಲಿಲ್ಲ.

ಮೊದಲ ದಿನ ಹಾಜರಿ ಕೂಗುತ್ತಾ ಮೇಷ್ಟ್ರು "ಹೊಂಬಾಳಮ್ಮ" ಎಂದಾಗ ಹುಡುಗರೆಲ್ಲ ಕಿಸಕ್ಕೆಂದರು. ಮಿಕ್ಕವರು ಇಂಗ್ಲಿಷಿನಲ್ಲಿ ಏನೋ ಹೇಳಿ ಕೂರುತ್ತಿದ್ದರು. ಇವರು ಎದ್ದು ನಿಂತು, ಮಂಡಿಯ ಯಜಮಾನರಿಗೆ ಹೇಳುವಂತೆ, "ಇಲ್ಲೇ ಇವ್ನಿ ಸಾ," ಎಂದುಬಿಟ್ಟರು. ತರಗತಿಯೇ ಬಿದ್ದು ಬಿದ್ದು ನಕ್ಕಿತು.

"ಅವತ್ತು ಅಳು ಬಂತಾ?" ಎಂದು ಕೇಳುತ್ತೇನೆ.

"ಅಳಾಕೆ ಪುರುಸೊತ್ತೆಲ್ಲಿ? ಹತ್ತು ನಿಮಿಷಕ್ಕೆ ಜರ್ನಲ್ ಎಂಟ್ರಿ ಲೆಕ್ಕ ಶುರುವಾಗೋಯ್ತು. ಆಮೇಲೆ ಆ ಹೈಕ್ಳೇ ರಸ್ತೇಲಿ ಕಂಡ್ರೆ 'ಇಲ್ಲೇ ಇವ್ನಿ ಅಕ್ಕಾ' ಅಂತ ಕೂಗೋರು. ನಾನೂ ಬುಡ್ಲಿಲ್ಲ. ಕಾಲೇಜಿಗೆ ಹೋದಷ್ಟು ವರ್ಷಾನೂ ಹಂಗೇ ಅಂದೆ."

ಬೆಳಗಿನ ಜಾವ ಮಂಡಿ, ಎಂಟೂವರೆಗೆ ಕಾಲೇಜು, ಮಧ್ಯಾಹ್ನ ಮತ್ತೆ ಮಂಡಿ. ಇಂಗ್ಲಿಷು ಒಂದು ಸಲ ಕೈಕೊಟ್ಟಿತು. ಎರಡನೆಯ ವರ್ಷ ಊರೂರ ಅಟ್ಟದ ಕಾಯಿಯೆಲ್ಲ ಒಟ್ಟಿಗೇ ಇಳಿದು, ಮಂಡಿ ತುಂಬಿ, ಹಾಜರಿ ಕಡಿಮೆಯಾಗಿ ಆ ವರ್ಷವೇ ಮುಳುಗಿತು. ಮತ್ತೊಮ್ಮೆ ಹಾಗಾಗದಿರಲೆಂದು ಕೆಂಚಯ್ಯನವರು ತಮ್ಮ ಸುಲಿಯುವ ಕೆಲಸ ಮುಗಿಸಿ ಹೆಂಡತಿಯ ಜಾಗದಲ್ಲಿ ಕೂತು ಚಿಪ್ಪು ಹೊಡೆಯತೊಡಗಿದರು. ಈ ಊರಿನಲ್ಲಿ ಸುಲಿಯುವುದು ಗಂಡಸಿಗೆ, ಒಡೆಯುವುದು ಹೆಂಗಸಿಗೆ. ಅದನ್ನು ದಾಟಿದವನನ್ನು ಸುಮ್ಮನೆ ಬಿಡುತ್ತಾರೆಯೇ? "ಏನ್ಲಾ ಕೆಂಚ, ಸೀರೆ ಯಾವಾಗ ಉಟ್ಕತೀಯ?" ಎಂದರಂತೆ ಜೊತೆಯವರು.

"ನಂಗೆ ಸುಲಿಯೋಕೂ ಬತ್ತದೆ, ಒಡೆಯೋಕೂ ಬತ್ತದೆ. ನಿಂಗೆ ಹಲ್ಲು ಕಿರಿಯೋದು ಬುಟ್ರೆ ಏನ್ ಬತ್ತದ್ಲಾ, ಅಂದೆ," ಎನ್ನುತ್ತಾರೆ ಕೆಂಚಯ್ಯ, ಕಬ್ಬಿಣದ ಮೊನೆಯಿಂದ ಕಣ್ಣು ತೆಗೆಯದೆ.

"ಅರೆ, ಒಡೆದಿದ್ದೇನೋ ನಿಜ," ಎಂದು ಹಬೀಬುನ್ನೀಸಾ ಬಾಯಿ ಹಾಕುತ್ತಾರೆ. "ಹತ್ತು ಕಾಯಿಗೆ ನಾಲ್ಕು ಕೊಬ್ಬರಿ ಹೋಳು ಮಾಡೋರು ಭಾಯಿ. ಯಜಮಾನರ ಕಣ್ಣಿಗೆ ಬೀಳದ ಹಾಗೆ ಆ ಹೋಳನ್ನ ಉಂಡೆಗಳ ಮಧ್ಯೆ ನಾನು ಬಚ್ಚಿಟ್ಟು ಬಚ್ಚಿಟ್ಟು ಸಾಕಾಯ್ತು."

ಎಲ್ಲ ದಾಟಿ ಉಳಿದದ್ದು ಕಾಸ್ಟಿಂಗು. ಒಂದು ವಸ್ತುವನ್ನು ತಯಾರಿಸಲು ಹಂತ ಹಂತಕ್ಕೂ ಎಷ್ಟು ಖರ್ಚಾಯಿತೆಂದು ಹೇಳುವ ವಿದ್ಯೆ. ಮೊದಲ ಸಲ ಹೊತ್ತು ಸಾಲದೆ ಹೋಯಿತು. ಎರಡನೆಯ ಸಲ, ಹೋದ ವರ್ಷ, ನಡೆದದ್ದನ್ನು ಹೇಳುವಾಗ ಹೊಂಬಾಳಮ್ಮ ಮಚ್ಚನ್ನು ಕೆಳಗಿಡುತ್ತಾರೆ. ಬೆಳಗಿನಿಂದ ಅವರು ಅದನ್ನು ಕೆಳಗಿಟ್ಟದ್ದು ಇದೇ ಮೊದಲು.

"ಪ್ರಶ್ನೆ ಓದಿದ್ರೆ, ಕಾಯಿ ಕಣವ್ವ! ಕಾಯಿ ಸುಲಿದು, ಒಡೆದು, ಗಾಣಕ್ಕೆ ಹಾಕಿ ಎಣ್ಣೆ ತಗೀತಾರೆ, ಖರ್ಚು ತೋರ್ಸಿ ಅಂತ. ಅಯ್ಯೋ ದೇವ್ರೇ, ನಮ್ಮನೆ ಕಾಯಿನೇ ಕೇಳವ್ರಲ್ಲ ಅಂತ ಕುಣಿಯಂಗಾಯ್ತು. ಕೆಳಗೆ ಒಂದು ಸಾಲು ಇತ್ತು. ಮಟ್ಟೆ, ಚಿಪ್ಪು ಎಲ್ಲ ಬೆಲೆಯಿಲ್ಲದ ನಷ್ಟ ಅಂತ ಭಾವಿಸಿ, ಅಂತ. ನಾನ್ ಅಂದ್ಕಂಡೆ, ಪಾಪ, ಪ್ರಶ್ನೆ ಬರ್ದೋರು ಈ ಕಡೆಯೋರಲ್ಲ, ಗೊತ್ತಿಲ್ಲ. ಚಿಪ್ಪನ್ನ ಇದ್ದಿಲು ಮಾಡೋರು ಒಯ್ತಾರೆ, ಮಟ್ಟೆ ನಾರಿಗೆ ಹೋಯ್ತದೆ. ನಷ್ಟ ಎಲ್ಲೈತೆ? ಎಲ್ಲಕ್ಕೂ ನಮ್ಮ ಮಂಡಿ ರೇಟು ಹಾಕಿ ಕಳ್ದು, ನೀಟಾಗಿ ಗೆರೆ ಎಳ್ದು ಬಂದೆ. ಉಪ್ಕಾರ ಮಾಡ್ದೆ ಅನ್ಕಂಡಿದ್ದೆ!"

ಮಂಡಿಯ ಹೆಂಗಸರೆಲ್ಲ ನಗುತ್ತಾರೆ. ಈ ಕತೆ ಅವರು ಎಷ್ಟು ಸಲ ಕೇಳಿದ್ದಾರೋ. ಆದರೆ ಆ ಲೆಕ್ಕದ ಗುಣವೇ ಬೇರೆ. ಮೊದಲ ಹಂತದ ಉತ್ತರವನ್ನು ಎತ್ತಿಕೊಂಡೇ ಎರಡನೆಯದಕ್ಕೆ ಹೋಗಬೇಕು. ಒಂದು ಕಡೆ ತಪ್ಪಿದರೆ ಕೊನೆಯವರೆಗೂ ತಪ್ಪು. ಪಾಸಿನ ಅಂಚಿಗೆ ಬಂದು ಅವರು ಬಿದ್ದರು.

ಶಂಭುಲಿಂಗಯ್ಯನವರು ಅವತ್ತು ಬೈಯಲಿಲ್ಲ. "ಪ್ರಶ್ನೆಯೊಳಗಿನ ಕಾಯಿ ಯಾವ ಮರದಲ್ಲೂ ಬಿಟ್ಟದ್ದಲ್ಲಮ್ಮ," ಎಂದರು. "ಅವರು ಬೆಲೆಯಿಲ್ಲ ಅಂದರೆ ಇಲ್ಲ. ಬೆಲೆಯಿದ್ದಾಗ ಹೇಗೆ, ಇಲ್ಲದಾಗ ಹೇಗೆ, ಎರಡೂ ಬರುತ್ತದಾ ಅಂತ ನೋಡುತ್ತಾರೆ. ನೀನು ಒಂದನ್ನೇ ತೋರಿಸಿ ಬಂದೆ."

ಹೊಂಬಾಳಮ್ಮ ವಾರವೆಲ್ಲ ಸಿಟ್ಟಿನಲ್ಲಿ ಚಿಪ್ಪು ಒಡೆದರು. ಕೊಬ್ಬರಿಯನ್ನು ಹೋಳಾಗದಂತೆ ಬಿಡಿಸಿದ್ದು ಪಕ್ಕದವರು. ಒಂದು ಸಂಜೆ ಮನೆಯ ಬಾಗಿಲಲ್ಲಿ ಕೂತು ಮಗಳಿಗೆ ಕತೆ ಹೇಳುತ್ತಿದ್ದರಂತೆ. ರಾಕ್ಷಸನ ಪ್ರಾಣ ಗಿಣಿಯೊಳಗಿದೆ ಎಂದಾಗ ಮಗಳು, "ಅದೆಂಗವ್ವ ಇರ್ತದೆ?" ಎಂದಳು. ಇವರು ರೇಗಿ, "ಇರ್ತದೆ ಅಂದ್ಮೇಲೆ ಇರ್ತದೆ, ಸುಮ್ಕೆ ಕೇಳು," ಎಂದರು.

"ಅಂದೋಳೇ ಬಾಯಿ ಮುಚ್ಕಂಡೆ. ಮೇಷ್ಟ್ರು ಹೇಳಿದ್ದೂ ಇದೇ ಅಲ್ವಾ ಅಂತ ಆಗ ಹೊಳೀತು. ಲೆಕ್ಕಾನೂ ಕತೆ ಕೇಳ್ದಂಗೆ ಕೇಳ್ಬೇಕು ಕಣವ್ವ. ಮೊದ್ಲು ನಂಬ್ಬುಡಬೇಕು. ಆಮೇಲೆ ಒಳಿಕ್ಕೆ ಹೋಗ್ಬೇಕು."

ನಾನು ಚೀಲದ ಮೇಲಿಂದ ಎದ್ದೇಬಿಡುತ್ತೇನೆ. ಅಜ್ಜಿಯ ತೊಡೆಯ ಮೇಲೆ ಮಲಗಿ ನಾನು ಕಲಿತ ಒಂದೇ ವಿದ್ಯೆ ಅದು. ಅದು ಬಿ.ಕಾಂ. ಪರೀಕ್ಷೆಗೂ ಬೇಕಾದೀತೆಂದು ಯಾರು ಎಣಿಸಿದ್ದರು!

ಈ ಏಪ್ರಿಲ್‌ನಲ್ಲಿ ಬಂದದ್ದು ಸೋಪಿನ ಕಾರ್ಖಾನೆ. ಕೊನೆಯಲ್ಲಿ ಅದೇ ಸಾಲು, ಉಳಿದ ಚೂರಿಗೆ ಬೆಲೆಯಿಲ್ಲವೆಂದು ಭಾವಿಸಿ. "ಕೈ ತಡೀತು. ಸೋಪಿನ ಚೂರನ್ನ ಯಾರಾರ ಎಸೀತಾರಾ? ಬಟ್ಟೆಗಾದ್ರೂ ಆಯ್ತದೆ. ಆಮೇಲೆ, ಆಯ್ತು ಕಣಪ್ಪ, ಭಾವಿಸ್ದೆ, ಅಂತ ಸೊನ್ನೆ ಹಾಕ್ದೆ. ಹಾಕಿದ್ಮೇಲೆ ಲೆಕ್ಕ ನೀರು ಹರ್ದಂಗೆ ಹರೀತು." ಹಾಗಿದ್ದರೂ, ಮಿಕ್ಕ ಪ್ರಶ್ನೆಗಳು ಹೇಗಾದವೋ ಹೇಳಲಾರರು. ಎರಡು ತಿಂಗಳಿಂದ ಕೇಳಿದವರಿಗೆಲ್ಲ, "ಅಲ್ಲಾಡ್ಸಿ ನೋಡಿದ್ರೆ ಸದ್ದೇನೋ ಬತ್ತದೆ, ಒಡೆದ ಮೇಲೆ ಗೊತ್ತಾಗ್ಬೇಕು," ಎಂದಷ್ಟೇ ಹೇಳಿದ್ದಾರೆ.

ಹತ್ತೂವರೆಗೆ ಯಜಮಾನ ಮರುಳಸಿದ್ದಯ್ಯನವರು ಒಳಗೆ ಬರುತ್ತಾರೆ. "ಇನ್ನೂ ಇಲ್ಲೇ ಕುಂತಿದ್ದೀಯಲ್ಲವ್ವ, ಹೋಗು! ಪಾಸಾದ್ರೆ ನಂಗೇ ತೊಂದ್ರೆ. ಇನ್‌ಕಂ ಟ್ಯಾಕ್ಸು ಬೇರೆ ಓದಿದ್ದೀಯ, ನನ್ನ ಗಲ್ಲಾದ ಕಡೆ ಮಾತ್ರ ತಿರುಗಿ ನೋಡ್ಬೇಡ." ಹೊಂಬಾಳಮ್ಮ ತಲೆಯ ನಾರು ಕೊಡವಿಕೊಂಡು ಏಳುತ್ತಾರೆ. ಹಬೀಬುನ್ನೀಸಾ ಅವರ ಕೈ ಹಿಡಿಯುತ್ತಾರೆ. ಕೆಂಚಯ್ಯ ಮಾತ್ರ ಕದಲುವುದಿಲ್ಲ. "ನೀವ್ ಹೋಗ್ಬನ್ನಿ. ನಾನು ಗೋಡೆ ಹತ್ರ ನಿಂತಿರ್ತೀನಿ, ಕೇಳ್ತದೆ."

ಕಾಲೇಜಿನ ಜಗಲಿಯಲ್ಲಿ ಹುಡುಗ ಹುಡುಗಿಯರ ನೂಕುನುಗ್ಗಲು. ನೊಣವಿನಕೆರೆ ಬಸ್ಸಿನಲ್ಲಿ ಬಂದವರು, ಚಿಕ್ಕನಾಯಕನಹಳ್ಳಿಯಿಂದ ಬಂದವರು. ಹಲಗೆಗೆ ಹಚ್ಚಿದ ಹಾಳೆಯಲ್ಲಿ ಹೆಸರಿಲ್ಲ, ಬರೀ ನಂಬರುಗಳು. ಹೊಂಬಾಳಮ್ಮ ಮುಂದೆ ಹೋಗುವುದಿಲ್ಲ, ಕಂಬಕ್ಕೆ ಒರಗಿ ನಿಲ್ಲುತ್ತಾರೆ. "ನೀನೇ ನೋಡವ್ವ," ಎಂದು ಹಾಲ್ ಟಿಕೆಟ್ಟನ್ನು ಕೈಗಿಟ್ಟು ನನ್ನನ್ನು ತಳ್ಳುತ್ತಾರೆ. ನಾನು ನುಗ್ಗುತ್ತೇನೆ, ನಂಬರುಗಳೆಲ್ಲ ಇರುವೆಗಳಂತೆ ಹರಿದಾಡುತ್ತವೆ, ಏನೂ ಕಾಣುವುದಿಲ್ಲ!

ಅಷ್ಟರಲ್ಲಿ ಶಂಭುಲಿಂಗಯ್ಯನವರು ಹಲಗೆಯ ಮುಂದೆ ಬಂದು ಕನ್ನಡಕ ಏರಿಸಿಕೊಳ್ಳುತ್ತಾರೆ. ಬೆರಳು ಹಾಳೆಯ ಮೇಲೆ ಇಳಿಯುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಅವರು ಹಿಂದೆ ತಿರುಗಿ, ನಂಬರು ಹೇಳದೆ, ತರಗತಿಯಲ್ಲಿ ಹಾಜರಿ ಕರೆಯುವ ಅದೇ ದನಿಯಲ್ಲಿ ಕೂಗುತ್ತಾರೆ.

"ಹೊಂಬಾಳಮ್ಮ!"

ಜಗಲಿಯ ತಲೆಗಳೆಲ್ಲ ಕಂಬದ ಕಡೆ ತಿರುಗುತ್ತವೆ.

"ಇಲ್ಲೇ ಇವ್ನಿ ಸಾ."

"ಪಾಸು ಕಣಮ್ಮ! ಬಿ.ಕಾಂ. ಆಯ್ತು!"

ಹಬೀಬುನ್ನೀಸಾ ಅವರನ್ನು ಎತ್ತಿಯೇಬಿಡುತ್ತಾರೆ. ಗುರುತಿಲ್ಲದ ಹುಡುಗರೂ ಶಿಳ್ಳೆ ಹಾಕುತ್ತಾರೆ. ಗೋಡೆಯ ಮೇಲೆ ಕೆಂಚಯ್ಯನವರ ತಲೆ ಕಾಣಿಸಿಕೊಂಡು, ಎಲ್ಲರನ್ನೂ ಒಮ್ಮೆ ನೋಡಿ, ಮತ್ತೆ ಆಚೆ ಇಳಿಯುತ್ತದೆ. ಮರುಗಳಿಗೆಗೆ ಆ ಕಡೆಯಿಂದ ಕೂಗು: "ಕೇಳಿಸ್ತೇನ್ರಲಾ? ಹಲ್ಲು ಕಿರೀರಿ ಈಗ!"

ಮಧ್ಯಾಹ್ನ ಹೊಂಬಾಳಮ್ಮ ಮತ್ತೆ ಬಲ್ಬಿನ ಕೆಳಗೆ ಕೂತಿದ್ದಾರೆ. ಸಂಜೆಗೆ ಲಾರಿ ಬರುತ್ತದೆ, ಕಾಯಿ ರಾಶಿ ಹಾಗೇ ಇದೆ. ಮುಂದೇನು ಎಂದು ಕೇಳುತ್ತೇನೆ. ಕೆಲಸಕ್ಕೆ ಅರ್ಜಿ ಹಾಕಲು ಮೇಷ್ಟ್ರು ಹೇಳಿದ್ದಾರೆ, ಹಾಕುತ್ತಾರೆ, ಸಿಕ್ಕರೆ ಸಿಕ್ಕೀತು. ಆದರೆ ಅವರಿಗೆ ಬೇಕಾಗಿರುವುದು ಇನ್ನೊಂದಿದೆ. ಸ್ವಲ್ಪ ನಾಚಿಕೊಂಡು ಕೇಳುತ್ತಾರೆ.

"ಆ ಪದವಿ ಕೊಡೋ ದಿನ, ಘಟಿಕೋತ್ಸವ ಅಂತಾರಲ್ಲ, ಅಲ್ಲಿ ಮೈಕಿನಲ್ಲಿ ಹೆಸ್ರು ಕೂಗ್ತಾರಂತೆ, ನಿಜವಾ?"

ಎಲ್ಲರದ್ದೂ ಕೂಗುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕೂಗಿದರೂ ಅಲ್ಲಿ ಯಾರೂ ಉತ್ತರ ಹೇಳುವುದಿಲ್ಲ, ಸುಮ್ಮನೆ ಹೋಗಿ ತೆಗೆದುಕೊಳ್ಳುತ್ತಾರೆ ಎನ್ನುತ್ತೇನೆ.

ಹೊಂಬಾಳಮ್ಮ ಒಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.

"ಕೂಗ್ಲಿ ಬುಡು," ಎನ್ನುತ್ತಾರೆ. "ಯಾರಿಗೂ ಕೇಳ್ಸದಂಗೆ ಮೆಲ್ಲಗೆ ಹೇಳ್ಕತೀನಿ."