ನೆತ್ತಿ ಹತ್ತಿದಾಗಲೆಲ್ಲ ಅಕ್ಕ

ನಾನು ಚಿಕ್ಕವನಿದ್ದಾಗ ಬ್ಯಾಡಗಿಯ ನಮ್ಮ ಓಣಿಯಲ್ಲಿ ಯಾರು ಕೆಮ್ಮಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಸುಗ್ಗಿಯಲ್ಲಿ ಊರ ತುಂಬ ಕೆಂಪು ಮೆಣಸಿನಕಾಯಿ, ಗಾಳಿಯ ತುಂಬ ಅದರ ಘಾಟು. ಕೆಮ್ಮದವನು ನಮ್ಮೂರವನೇ ಅಲ್ಲ ಅನ್ನಿ! ಉಣ್ಣುವಾಗ ಯಾರಿಗಾದರೂ ನೆತ್ತಿ ಹತ್ತಿದರೆ ತಲೆ ಮೆಲ್ಲಗೆ ತಟ್ಟಿ, ಯಾರೋ ನೆನೆಯುತ್ತಿದ್ದಾರೆ ಎಂದು ಒಂದು ಗುಟುಕು ನೀರು ಕುಡಿಸುತ್ತಿದ್ದರು. ಅಷ್ಟೇ ಮದ್ದು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹುಟ್ಟುವಾಗಲೇ ಅವಳ ಮಿದುಳಿಗೆ ಪೆಟ್ಟಾಗಿತ್ತು. ಕೈಕಾಲು ಬಿಗಿದುಕೊಂಡಿರುತ್ತಿದ್ದವು, ಮಾತು ಬರುತ್ತಿರಲಿಲ್ಲ. ಆದರೆ ಎಲ್ಲ ತಿಳಿಯುತ್ತಿತ್ತು. ನಾನು ಅಪ್ಪನಿಗೆ ಸುಳ್ಳು ಹೇಳಿದರೆ ಮೊದಲು ನಗುತ್ತಿದ್ದವಳೇ ಅವಳು. ನನ್ನನ್ನು "ಆಂ" ಎಂದು ಕರೆಯುತ್ತಿದ್ದಳು. ಅವ್ವ ಅವಳನ್ನು ಎದೆಗೆ ಆನಿಸಿ ಕೂರಿಸಿಕೊಂಡು ಗಟ್ಟಿ ಅಂಬಲಿಯನ್ನು ಚಮಚದಲ್ಲಿ ತಿನ್ನಿಸುತ್ತಿದ್ದಳು. ಒಂದು ಊಟಕ್ಕೆ ಒಂದು ತಾಸು ಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗಿದ್ದಳು. ಅಪ್ಪ ಅಂಗಳದಲ್ಲಿ ಕಾಯಿ ಹರವುತ್ತಿದ್ದ. ಒಳಗೆ ಕೌದಿಯ ಮೇಲೆ ಮಲಗಿದ್ದ ಅಕ್ಕನಿಗೆ ಕೆಮ್ಮು ಬಂತು. ನಾನು ದೊಡ್ಡ ಮನುಷ್ಯನಂತೆ ಅವಳ ತಲೆ ತಟ್ಟಿ, ಮಲಗಿದ್ದವಳ ಬಾಯಿಗೆ ತಂಬಿಗೆಯಿಂದ ನೀರು ಹಾಕಿಬಿಟ್ಟೆ. ಉಸಿರು ಸಿಕ್ಕಿಕೊಂಡಿತು. ತುಟಿ ನೀಲಿಯಾಯಿತು. ನನ್ನ ಚೀರಾಟ ಕೇಳಿ ಅಪ್ಪ ಓಡಿಬಂದು ಅವಳನ್ನೆತ್ತಿ ಮುಂದಕ್ಕೆ ಬಾಗಿಸಿ ಹಿಡಿದ. ಉಸಿರು ಮರಳಿತು, ಆದರೆ ಮರುದಿನ ಮೈ ಸುಡುತ್ತಿತ್ತು.

ರಾಣೆಬೆನ್ನೂರಿನ ಡಾಕ್ಟರು ನೀರು ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಇಂಥ ಮಕ್ಕಳಿಗೆ ನುಂಗುವುದೇ ಕಷ್ಟ, ತೆಳ್ಳಗಿನದು ಉಸಿರಿನ ದಾರಿ ಹಿಡಿದುಬಿಡುತ್ತದೆ ಎಂದು ತಿಳಿಸಿಹೇಳಿದರು.

ಹದಿನೈದು ದಿನದ ಮೇಲೆ ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದಾಗ ನಾನು ಬಾಗಿಲ ಹಿಂದೆ ಅಡಗಿದ್ದೆ. ಇನ್ನು ನನ್ನ ಕೈಯಿಂದ ಅವಳು ಏನನ್ನೂ ತಿನ್ನಲಾರಳೆಂದು ಸಂಕಟ. ಅಪ್ಪ ಕರೆದು ಚಮಚ ಕೈಗಿಟ್ಟ.

"ನೀ ಬೇಕಂತ ಮಾಡಿಲ್ಲೋ ತಮ್ಮಾ. ಆದ್ರ ಅಕ್ಕನ ಗಂಟಲ ನಮ್ಮಂಗಲ್ಲ. ಕುಂದ್ರಿಸಿ, ಸಾವಕಾಶ ಕೊಡು."

ನಾನು ಅರ್ಧ ಚಮಚ ಅಂಬಲಿ ಎತ್ತಿಕೊಂಡೆ. ಅಕ್ಕ ನನ್ನನ್ನೇ ನೋಡಿದಳು. "ಆಂ" ಎಂದು ಬಾಯಿ ತೆರೆದಳು.

ಅಂದಿನಿಂದ ಹತ್ತು ವರ್ಷ ಅವಳಿಗೆ ಮಧ್ಯಾಹ್ನ ಉಣಿಸಿದವನು ನಾನೇ. ಆಮೇಲೆ ಒಂದು ಚಳಿಗಾಲದ ಕೆಮ್ಮು ಅವಳನ್ನು ಕರೆದುಕೊಂಡು ಹೋಯಿತು.

ಮಕ್ಕಳೇ, ನಿಮ್ಮ ಶಾಲೆಗೆ ಗಾಲಿಕುರ್ಚಿಯಲ್ಲಿ ಬರುವ ಹುಡುಗಿಗೆ ನುಂಗುವುದನ್ನು ಕಲಿಸುವವರಿದ್ದಾರಂತೆ, ಅವಳಿಗೆ ಹೇಗೆ ಉಣಿಸಬೇಕೆಂದು ನಿಮಗೂ ಗೊತ್ತಂತೆ. ಕೇಳಿದಾಗ ಅಕ್ಕನ ಪರವಾಗಿ ನನಗೆ ಹೊಟ್ಟೆಕಿಚ್ಚಾಗುತ್ತದೆ. ಉಣ್ಣುವಾಗ ನನಗೆ ನೆತ್ತಿ ಹತ್ತಿದರೆ ನೀವು ತಲೆ ತಟ್ಟಿ, "ಯಾರ ನೆನಸಾಕತ್ತಾರ ಅಜ್ಜ?" ಎನ್ನುತ್ತೀರಿ. ನಾನು ನೀರು ಮುಟ್ಟುವುದಿಲ್ಲ. ನೆಟ್ಟಗೆ ಕೂತು ಸುಮ್ಮನೆ ಕಾಯುತ್ತೇನೆ, ಅಕ್ಕ ಇನ್ನೊಂದಿಷ್ಟು ಹೊತ್ತು ನೆನೆಯಲಿ ಎಂದು.