ದಪ್ಪ ದನಿಯ ಡಬ್ಬಿ

ಸಾನಿಕಾ, ಪ್ರಥಮೇಶ, ಹೋಮ್ ಥಿಯೇಟರಿನ ಆ ಕರಿ ಡಬ್ಬಿಯನ್ನು ಗ್ಯಾಲರಿಯ ಬಿಸಿಲಿಗೆ ಇಟ್ಟವಳು ನಾನೇ. ನಿಮ್ಮಪ್ಪ ಕೆಲಸದಿಂದ ಬಂದು ನೋಡಿ, "ಅವ್ವಾ, ಹಪ್ಪಳ ಒಣಗಿಸಿದಂಗ ಸಬ್‌ವೂಫರ್ ಒಣಗಿಸಾಕತ್ತೀ ಏನು?" ಎಂದ. ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. ನಾನು ಸೆರಗು ಬಾಯಿಗೆ ಹಿಡಿದು ಒಳಗೆ ಹೋದೆ. ಆಗ ಹೇಳಲು ನಾಚಿಕೆಯಾಗಿದ್ದನ್ನು ಈಗ ಬರೆಯುತ್ತೇನೆ.

ಮಳೆಗಾಲದಲ್ಲಿ ಡೊಳ್ಳಿನ ಚರ್ಮ ಥಂಡಿ ಹಿಡಿದು ಸಡಿಲಾಗುತ್ತದೆ. ನಮ್ಮೂರು ಹನ್ನೂರಿನಲ್ಲಿ ನಿಮ್ಮ ಮುತ್ಯಾ, ಅಂದರೆ ನಮ್ಮ ಮನೆಯವರು, ಬಿರೋಬನ ಗುಡಿಗೆ ಹೊರಡುವ ಮೊದಲು ಡೊಳ್ಳನ್ನು ಅಂಗಳದ ಬಿಸಿಲಿಗಿಟ್ಟು, ಬೆರಳಿನಿಂದ ತಟ್ಟಿ ತಟ್ಟಿ ಕೇಳುತ್ತಿದ್ದರು. ಒಂದು ಬದಿಯ ಕೋಲಿನ ಪೆಟ್ಟು ಕಿವಿಗೆ ಕೇಳಿಸಿದರೆ ಇನ್ನೊಂದು ಬದಿಯ ಅಂಗೈಯ ಪೆಟ್ಟು ನೇರ ಎದೆಗೆ ತಾಗುತ್ತಿತ್ತು. ಅವರು ತೀರಿಹೋದ ಮೇಲೆ ನನಗೆ ಆ ಪೆಟ್ಟು ಸಿಕ್ಕಿಲ್ಲ. ಹೊಸ ಡಬ್ಬಿ ಬಂದ ದಿನ ಅಂಥದೇ ದಪ್ಪ ದನಿ ಎದೆಗೆ ತಾಗಿತು. ಅವರು ಬಾರಿಸಿದ್ದು ನಿಮ್ಮಪ್ಪನ ಹಳೆಯ ಮೊಬೈಲಿನಲ್ಲಿದೆ, ಇದರಲ್ಲಿ ಹಚ್ಚಿಸಿ ಕೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಸೋಫಾದ ಜಾಗ ಬದಲಾಯಿತು, ದನಿ ಮಂದವಾಯಿತು. ಥಂಡಿ ಹಿಡಿದಿರಬೇಕೆಂದು ಬಿಸಿಲಿಗಿಟ್ಟೆ.

ನಮ್ಮ ಸಾಲೆಯ ಮಾಸ್ತರರು ಹಲಗೆವಾದ್ಯದ ಚರ್ಮದ ಮೇಲೆ ಜೋಳದ ಕಾಳು ಹಾಕಿ ಬಾರಿಸಿ, ಕಾಳು ಕುಣಿಯುವುದನ್ನು ತೋರಿಸಿದ್ದರು. ಶಬ್ದವೆಂದರೆ ನಡುಕ ಎಂಬಷ್ಟು ವಿಜ್ಞಾನ ನನಗೂ ಗೊತ್ತು. ಆ ನಡುಕ ಕೋಣೆಯ ಒಂದು ಕಡೆ ತುಂಬಿ ಇನ್ನೊಂದು ಕಡೆ ಬರಿದಾಗುತ್ತದೆ ಎಂಬುದನ್ನು ಕಲಿಸಿದವಳು ನೀನು, ಸಾನಿಕಾ. ಡಬ್ಬಿಯನ್ನು ಸೋಫಾದಲ್ಲಿ ನನ್ನ ಜಾಗದಲ್ಲಿ ಕೂಡಿಸಿ, ನನ್ನನ್ನು ನೆಲಕ್ಕೆ ಇಳಿಸಿದೆ. ಎಲ್ಲಿ ದನಿ ತುಂಬಿ ಕೇಳುತ್ತದೋ ಅಲ್ಲಿ ಡಬ್ಬಿಯನ್ನು ಇಟ್ಟರೆ, ಸೋಫಾದಲ್ಲಿ ಕೂತವರಿಗೆ ಹಾಗೆಯೇ ಕೇಳುತ್ತದಂತೆ. ಸೆರಗು ಸಿಕ್ಕಿಸಿ, ಗೋಡೆಗುಂಟ ಅಂಬೆಗಾಲಿಟ್ಟೆ.

"ಆಜಿ ಬಿರೋಬಗ ನೆಲಕ್ಕ ಬಿದ್ದು ದೀಡನಮಸ್ಕಾರ ಹಾಕಾಕತ್ತಾಳ!" ಎಂದೆ ಪ್ರಥಮೇಶ ನೀನು.

"ಸುಮ್ನಿರೋ ಕತ್ತೆ. ನಿಮ್ಮ ದೇವ್ರು ಸೋಫಾದ ಮ್ಯಾಲ ಕುಂತಾನ."

ಕಪಾಟಿನ ಪಕ್ಕ ದನಿ ತುಂಬಿ ಬಂತು, ಡಬ್ಬಿ ಅಲ್ಲಿಗೆ ಹೋಯಿತು. ಸಾನಿಕಾ, ನೀನು ಮೊಬೈಲನ್ನು ನನ್ನ ಕಿವಿಯ ಎತ್ತರಕ್ಕೆ ಹಿಡಿದು, ಒಂದೊಂದೇ ಸ್ಪೀಕರಿನಿಂದ ಮಳೆ ಸುರಿದಂತೆ ಶಬ್ದ ಬಿಟ್ಟು ಅಳೆದು, ಡಬ್ಬಿಯ ಮಟ್ಟವನ್ನು ಉಳಿದವುಗಳ ಸಮಕ್ಕೆ ತಂದೆ. "ದನಿ ಎಲ್ಲಿಂದ ಬರಾಕತ್ತದ ಅಂತ ಗೊತ್ತಾಗಬಾರ್ದು ಆಜಿ, ಆವಾಗ ಬರೋಬ್ಬರ್ ಆತು" ಎಂದೆ. ನನಗೇಕೋ ಒಪ್ಪಿಗೆಯಾಗಲಿಲ್ಲ. ಗುಡಿಯ ಮುಂದಿನ ಅಷ್ಟು ಡೊಳ್ಳುಗಳಲ್ಲಿ ನಿಮ್ಮ ಮುತ್ಯಾನದು ಯಾವುದೆಂದು ನಾನು ತಲೆ ಎತ್ತದೆಯೇ ಹೇಳುತ್ತಿದ್ದೆ.

ಕೊನೆಗೂ ಅವರು ಬಾರಿಸಿದ್ದನ್ನು ಹಚ್ಚಿರೆಂದು ಬಾಯಿಬಿಟ್ಟು ಕೇಳಿದೆ. ಹಳೆಯ ಮೊಬೈಲಿನದನ್ನು ಹಚ್ಚಿದಿರಿ. ಕೋಲಿನ ಪೆಟ್ಟು ಟಕ್ ಟಕ್ ಎಂದು ಸ್ವಚ್ಛವಾಗಿ ಬಂತು. ಅಂಗೈಯದು ಬರಲೇ ಇಲ್ಲ. ಪ್ರಥಮೇಶ, ನೀನು ಡಬ್ಬಿಯ ಗುಂಡಿಯನ್ನು ಪೂರ್ತಿ ತಿರುಗಿಸಿದೆ, ಗಾಳಿಯ ಗುಂಯ್ ಎಂಬುದಷ್ಟೇ ಹೆಚ್ಚಾಯಿತು.

"ಆಜಿ, ಆ ದನಿ ಮೊಬೈಲದಾಗ ಸಿಕ್ಕೇ ಇಲ್ಲ. ಇಲ್ಲದ್ದು ಡಬ್ಬಿ ಎಲ್ಲಿಂದ ತರತದ?" ಎಂದೆ ಸಾನಿಕಾ ನೀನು.

ಹೆಂಗಸರು ಡೊಳ್ಳು ಮುಟ್ಟುವುದು ನಮ್ಮಲ್ಲಿಲ್ಲ. ಆದರೆ ಸೋಫಾದ ಕೈಗೆ ಯಾವ ಕಟ್ಟಳೆ? ಟಕ್ ಟಕ್‌ಗಳ ನಡುವೆ ಖಾಲಿ ಬಂದಲ್ಲೆಲ್ಲ ನನ್ನ ಅಂಗೈ ತಾನಾಗಿ ಬಿತ್ತು. ಬಾಗಿಲಲ್ಲಿ ನಿಂತಿದ್ದ ನಿಮ್ಮಪ್ಪ, "ಹಂಗಲ್ಲವ್ವಾ, ಅಪ್ಪಾ ಅಲ್ಲಿ ಒಂದೀಟು ತಡದು ಹೊಡಿತಿದ್ದ" ಎಂದ.

"ಹಂಗಾರ ನೀನ ಹೊಡಿ ಬಾ."

ಅವನು ಸೋಫಾದ ಇನ್ನೊಂದು ಕೈಯ ಬಳಿ ಕೂತು ಹೊಡೆದ. ಸೋಫಾದ ಮರದ ನಡುಕ ನನ್ನ ಬೆನ್ನಿನಿಂದ ಎದೆಗೆ ಬಂತು. ಪೆಟ್ಟಿನ ಮುಂಚಿನ ಆ ತಡೆ ನಿಮ್ಮ ಮುತ್ಯಾನದೇ.

ಮೊಬೈಲು ಹಿಡಿಯದ ದನಿ ನಿಮ್ಮಪ್ಪನ ಕೈಯಲ್ಲಿದೆ, ನಿಮ್ಮ ಕೈಗೂ ಬರಬೇಕು. ಕೋಲು ಎರಡು ಸಲ, ತುಸು ತಡೆದು ಅಂಗೈ. ಕೆಳಗಿನ ಮನೆಯವರಿಗೆ ಕೇಳಬಾರದು, ನಿಮ್ಮ ಎದೆಗೆ ಕೇಳಬೇಕು. ದನಿಯ ಮಟ್ಟ ಅಷ್ಟೇ ಇರಲಿ. ಮರೆತರೆ ನೋಡಿಕೊಳ್ಳಲು ಬೇಕಾಗುತ್ತದೆ, ಈ ಹಾಳೆಗಳನ್ನು ರದ್ದಿಯವನಿಗೆ ಕೊಡಬೇಡಿ.