ಎದ್ದು ನಿಂತ ಕೋಣೆ

೨೦೨೨ನೆಯ ಇಸವಿ, ನನಗಾಗ ಐವತ್ತೊಂದು ವರ್ಷ. ಕುಡಿತದಿಂದ ಶಾಲೆಯ ಕೆಲಸವನ್ನು ಕಳೆದುಕೊಂಡಿದ್ದ ನನಗೆ, ಕುಡಿತ ಬಿಟ್ಟವರ ಗುಂಪೊಂದು ಕಾಪುವಿನಲ್ಲಿ ಸೇರುತ್ತದೆಂದು ಮಣಿಪಾಲದ ವೈದ್ಯರೊಬ್ಬರು ತಿಳಿಸಿದ್ದರು. ಆ ಸಂಜೆ ಕಡಲ ಬದಿಯ ಕೋಣೆಯೊಳಗೆ ಬೆಳಕು ಉಪ್ಪುಗಾಳಿಯಲ್ಲಿ ತೇಲುತ್ತಿರುವಂತಿತ್ತು. ನಾನು ಕಾಲಿಟ್ಟೊಡನೆ ಎಲ್ಲರೂ ಎದ್ದು ನಿಂತರು. ನನ್ನ ಕೈ ತಾನಾಗಿಯೇ ಮೇಲೆದ್ದಿತು: “ಕುಳಿತುಕೊಳ್ಳಿ.”

ಯಾರೂ ಕೂರಲಿಲ್ಲ. ಬಾಗಿಲ ಬಳಿಯಿದ್ದ ಮೀನುಗಾರರೊಬ್ಬರು ನಕ್ಕರು.

“ಮಾಸ್ಟ್ರಾ ನೀವು? ಇದು ಪ್ರಾರ್ಥನೆಗೆ ನಿಂತದ್ದು ಮಾರಾಯ್ರೇ. ಬನ್ನಿ, ನಿಮಗೂ ಜಾಗ ಉಂಟು.”

ನನ್ನ ಕೈಯನ್ನು ಅವರು ತಮ್ಮ ಒರಟು ಅಂಗೈಯೊಳಗೆ ಹಿಡಿದುಕೊಂಡರು. ಪ್ರಾರ್ಥನೆಯೂ ಕಡಲ ಮೊರೆತವೂ ಒಂದೇ ಉಸಿರಿನಂತೆ ಕೇಳಿಸಿದವು.

ಈಗಲೂ ಪ್ರತಿ ಸೋಮವಾರ ಅವರ ಪಕ್ಕದಲ್ಲಿಯೇ ನಿಲ್ಲುತ್ತೇನೆ. ನಾನು ಕೊನೆಯದಾಗಿ ಕುಡಿದದ್ದು ಆ ಸಂಜೆಯ ಹಿಂದಿನ ದಿನ, ೨೦೨೨ರ ನವೆಂಬರ್ ೨೦ರಂದು.